ಇಬ್ಬರಾಡುವ ಆರ್ಕೇಡ್ ಪೆಟ್ಟಿಗೆ: 70 ಸೆಂ.ಮೀ. ಹಲಗೆಯಲ್ಲಿ ಜಾಯ್‌ಸ್ಟಿಕ್, ಬಟನ್ ಹೇಗೆ ಕೂರಿಸುವುದು?

ಕದ್ರಿ ಗುಡ್ಡೆ
ಮನೆಯಲ್ಲಿ ಆರ್ಕೇಡ್ ಕ್ಯಾಬಿನೆಟ್ (ನಾಣ್ಯ ಹಾಕಿ ನಿಂತು ಆಡುವ ಹಳೇ ವಿಡಿಯೋ ಗೇಮ್ ಯಂತ್ರದಂಥ ಪೆಟ್ಟಿಗೆ) ಮಾಡ್ತಾ ಇದ್ದೇನೆ, ಮಂಗಳೂರಿನಲ್ಲಿ. ಪೆಟ್ಟಿಗೆ ಮುಗಿದಿದೆ, ಒಳಗೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್. ಬಾಕಿ ಇರುವುದು ಕಂಟ್ರೋಲ್ ಪ್ಯಾನಲ್. ಹಲಗೆಯ ಅಗಲ 70 ಸೆಂ.ಮೀ., ಆಳ 25 ಸೆಂ.ಮೀ. ಸ್ಟ್ರೀಟ್ ಫೈಟರ್ 2 ಆಡ್ಲಿಕ್ಕೆ ಇಬ್ಬರಿಗೂ ಆರಾರು ಬಟನ್ ಬೇಕು. ಪ್ಯಾಕ್‌ಮ್ಯಾನ್‌ಗೆ ಬೇರೆಯೇ 4 ದಿಕ್ಕಿನ ಸ್ಟಿಕ್ ಬೇಕು ಅಂತಾರೆ, ಹೌದಾ? 18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು ಉಂಟು, ಅದನ್ನೇ ಬಳಸಬಹುದಾ? ವೈರಿಂಗ್ ಬಗ್ಗೆಯೂ ತಿಳಿದವರು ಹೇಳಿ.

ಪಡುಬಿದ್ರಿ ಪಿಕ್ಸೆಲ್
70 ಸೆಂ.ಮೀ. ಸಾಕು ಮಾರಾಯ್ರೆ, ಆದ್ರೆ ಅಳತೆಯನ್ನು ಸ್ಕ್ರೀನಿನಿಂದ ಶುರು ಮಾಡ್ಬೇಡಿ, ಕೈಯಿಂದ ಶುರು ಮಾಡಿ. ಎಡ ಅಂಚಿನಿಂದ 10 ಸೆಂ.ಮೀ.ಗೆ ಮೊದಲ ಸ್ಟಿಕ್‌ನ ನಡುಬಿಂದು. ಆರು ಬಟನ್ ಮೂರರಂತೆ ಮೇಲೆ ಕೆಳಗೆ ಎರಡು ಸಾಲು. ಸ್ಟಿಕ್‌ನಿಂದ 7 ಸೆಂ.ಮೀ. ಬಲಕ್ಕೆ ಮೊದಲ ಬಟನ್. ಮುಂದಿನ ಎರಡು 36 ಮಿ.ಮೀ. ಅಂತರದಲ್ಲಿ. ಇದಕ್ಕಿಂತ ಹತ್ತಿರ ಬೇಡ, 30 ಮಿ.ಮೀ. ಬಟನ್‌ಗೆ ಸುತ್ತ ಒಂದು ಅಂಚು ಇರ್ತದೆ, ಅದು ಒಂದಕ್ಕೊಂದು ತಾಗ್ತದೆ. ಎರಡನೇ ಸ್ಟಿಕ್ 45 ಸೆಂ.ಮೀ.ಗೆ ಇಟ್ಟರೆ ಅದರ ಕೊನೆಯ ಬಟನ್ 59ರ ಹತ್ತಿರ ಬರ್ತದೆ, ಬಲಗಡೆ 10 ಸೆಂ.ಮೀ. ಚಿಲ್ಲರೆ ಉಳೀತದೆ.

ಮೂರು ಬಟನ್‌ಗಳನ್ನು ನೇರ ಗೆರೆಯಲ್ಲಿ ಇಡಬೇಡಿ. ಮೇಜಿನ ಮೇಲೆ ಕೈ ಸಡಿಲ ಬಿಟ್ಟು ನೋಡಿ: ತೋರುಬೆರಳಿನ ತುದಿ ನಡುಬೆರಳಿಗಿಂತ ಹಿಂದೆ ನಿಲ್ತದೆ. ಅದಕ್ಕೆ ಮೇಲೆ-ಕೆಳಗಿನ ಮೊದಲ ಜೋಡಿಯನ್ನು ನಡುವಿನ ಜೋಡಿಗಿಂತ ಸುಮಾರು 15 ಮಿ.ಮೀ. ನಿಮ್ಮ ಕಡೆಗೆ ಇಳಿಸಿ, ಮೂರನೇ ಜೋಡಿಯನ್ನು 4-5 ಮಿ.ಮೀ. ಹಲಗೆಯ ಮುಂದಿನ ಅಂಚಿನಿಂದ ಕೆಳ ಸಾಲಿಗೆ 9-10 ಸೆಂ.ಮೀ. ಬಿಡಿ. ಇಲ್ಲದಿದ್ರೆ ಮಣಿಕಟ್ಟು ಅಂಚಿಗೆ ಒತ್ತಿ ಹತ್ತು ನಿಮಿಷಕ್ಕೆ ಕೈ ನೋಯ್ತದೆ. ನಿಂತು ಆಡುವುದಾದ್ರೆ ಹಲಗೆ ನೆಲದಿಂದ 92-96 ಸೆಂ.ಮೀ. ಎತ್ತರದಲ್ಲಿ ಇರಲಿ.

ಸ್ಟಾರ್ಟ್ ಮತ್ತು ಕಾಯಿನ್ (ನಾಣ್ಯ ಹಾಕಿದ ಲೆಕ್ಕಕ್ಕೆ ಒತ್ತುವ) ಬಟನ್ 24 ಮಿ.ಮೀ.ನದ್ದು ಸಾಕು. ಮೇಲಿನ ಅಂಚಿಗೆ ಅಥವಾ ಎದುರಿನ ಪಟ್ಟಿಗೆ ಹಾಕಿ. ಆಟದ ಬಟನ್‌ಗಳ ಪಕ್ಕ ಇದ್ರೆ ಜೋರಾದ ಪಂದ್ಯದ ಮಧ್ಯೆ ಅಂಗೈ ತಾಗಿ ಆಟ ನಿಂತು ಬಿಡ್ತದೆ.

4 ದಿಕ್ಕಿನ ಸ್ಟಿಕ್ ನಿಜಕ್ಕೂ ಬೇಕು. 8 ದಿಕ್ಕಿನದ್ದರಲ್ಲಿ ಮೂಲೆಗೆ ತಳ್ಳಿದಾಗ ಎರಡು ಸ್ವಿಚ್ ಒಟ್ಟಿಗೆ ಮುಚ್ಚುತ್ತವೆ. 1980ರ ಪ್ಯಾಕ್‌ಮ್ಯಾನ್ ಒಂದು ಸಲಕ್ಕೆ ಒಂದೇ ದಿಕ್ಕು ಬರ್ತದೆ ಅಂತ ಲೆಕ್ಕ ಹಾಕಿದ ಆಟ, ಹಾಗಾಗಿ ತಿರುವು ತಪ್ಪಿ ಮುಂದೆ ಹೋಗ್ತದೆ. ಅದನ್ನು ಹಲಗೆಯ ನಡುವೆ, 35 ಸೆಂ.ಮೀ.ಗೆ, ಹಿಂದಿನ ಅಂಚಿನ ಕಡೆಗೆ ಇಡಿ. ಕೆಳಗಿದ್ರೆ ಎರಡನೆಯವರ ಎಡಗೈಗೆ ಅಡ್ಡ ಬರ್ತದೆ.

ಎಲ್ಲಕ್ಕಿಂತ ಮೊದಲು ದಪ್ಪ ರಟ್ಟಿನಲ್ಲಿ ತೂತು ಕೊರೆದು ಬಟನ್ ಸಿಕ್ಕಿಸಿ, ಇಬ್ಬರು ಅಕ್ಕಪಕ್ಕ ನಿಂತು ಅರ್ಧ ಗಂಟೆ ಆಡಿ ನೋಡಿ. ರಟ್ಟು ಹಾಳಾದ್ರೆ ಇನ್ನೊಂದು ಸಿಕ್ತದೆ.

ಮಣಿಪಾಲ ಮರಕೆಲಸ
ಎಂಡಿಎಫ್ ಬೇಡ. ನಮ್ಮ ಜೂನ್-ಸೆಪ್ಟೆಂಬರ್ ಹವೆಗೆ ಅದು ತೂತಿನ ಅಂಚಿನಲ್ಲೇ ಮೊದಲು ಉಬ್ಬುವುದು, ಆಮೇಲೆ ಸ್ಕ್ರೂ ಹಿಡಿಯುವುದಿಲ್ಲ. ಐಎಸ್ 710 (ಮೆರೈನ್ ಪ್ಲೈಯ ಭಾರತೀಯ ಮಾನಕ) ಮುದ್ರೆ ಇರುವ 18 ಮಿ.ಮೀ. ಮೆರೈನ್ ಪ್ಲೈ ತಗೊಳ್ಳಿ, ಬಂದರಿನ ಅಂಗಡಿಗಳಲ್ಲಿ ವಿಚಾರಿಸಿ.

ಬಟನ್ ಕೊಳ್ಳುವ ಮೊದಲು ಒಂದು ವಿಷಯ. ಒತ್ತಿ ಕೂರಿಸುವ ಸ್ನ್ಯಾಪ್ ಬಟನ್ ತೆಳು ತಗಡಿಗೆ ಮಾಡಿದ್ದು. ಅದರ ಪಕ್ಕದ ಕಿವಿಗಳು 18 ಮಿ.ಮೀ. ಮರದ ಒಳಗೆ ಬಿಚ್ಚಿಕೊಳ್ಳುವುದೇ ಇಲ್ಲ, ಬಟನ್ ಮೇಲಕ್ಕೆ ಕಿತ್ತು ಬರ್ತದೆ. ನಿಮಗೆ ಬೇಕಾದ್ದು ಉದ್ದ ತಿರುಪಿನ ಗೆರೆ (ಥ್ರೆಡ್) ಮತ್ತು ನಟ್ ಇರುವ ಬಟನ್. ಆ ಜಾತಿಗೆ ಸಾಮಾನ್ಯವಾಗಿ 28 ಮಿ.ಮೀ. ತೂತು, ಜಪಾನಿ ಮಾದರಿಗೆ 30. ಕ್ಯಾಲಿಪರ್ ಹಿಡಿದು ಅಳೆದೇ ಕೊರೆಯಿರಿ.

ಕೊರೆಯಲು ಫಾರ್ಸ್ಟ್ನರ್ ಬಿಟ್, ಅಂದ್ರೆ ಮರದಲ್ಲಿ ಅಗಲ ತೂತನ್ನು ನೀಟಾಗಿ ಕೊರೆಯುವ ಡ್ರಿಲ್ ಬಿಟ್. ಅಡಿಗೆ ಒಂದು ಹಳೇ ಹಲಗೆ ಕ್ಲ್ಯಾಂಪ್ ಮಾಡಿ, ಇಲ್ಲದಿದ್ರೆ ಕೆಳಗಿನ ಪದರ ಸೀಳಿ ಏಳ್ತದೆ. ಸ್ಟಿಕ್‌ಗೆ ಇನ್ನೊಂದು ತಾಪತ್ರಯ ಉಂಟು: 18 ಮಿ.ಮೀ. ದಪ್ಪದ ಕೆಳಗೆ ಕಟ್ಟಿದ್ರೆ ಕೋಲು ಮೇಲೆ ತೀರಾ ಗಿಡ್ಡ ಕಾಣ್ತದೆ, ಹಿಡಿತ ಸಿಗುವುದಿಲ್ಲ. ಅಡಿಯಿಂದ ಸ್ಟಿಕ್‌ನ ಪ್ಲೇಟಿನ ಆಕಾರಕ್ಕೆ ರೌಟರ್ (ಮರ ಕೆತ್ತಿ ತೆಗೆಯುವ ಯಂತ್ರ) ಹಾಕಿ 6 ಮಿ.ಮೀ. ಮಾತ್ರ ಉಳಿಸಿ. ಆ 6 ಮಿ.ಮೀ.ಗೆ ಮರದ ಸ್ಕ್ರೂ ನಿಲ್ಲುವುದಿಲ್ಲ. ಮೇಲಿನಿಂದ ತಲೆ ಹುದುಗುವ ಎಂ4 (4 ಮಿ.ಮೀ.) ಬೋಲ್ಟ್ ಇಳಿಸಿ ಅಡಿಗೆ ನಟ್ ಬಿಗಿಯಿರಿ, ಮೈಕಾ ಬಂದ ಮೇಲೆ ಅದು ಕಾಣುವುದಿಲ್ಲ.

ತೂತಿನ ಒಳಗೋಡೆಗೂ ಎರಡು ಕೋಟ್ ಸೀಲರ್ ಬಳಿಯಬೇಕು, ತೇವ ನುಗ್ಗುವುದು ಅಲ್ಲಿಂದಲೇ. ಒಣಗಿದ ಮೇಲೆ ತೂತು ಕೂದಲೆಳೆಯಷ್ಟು ಕಿರಿದಾಗ್ತದೆ, ಮರಳು ಕಾಗದ ಸುತ್ತಿದ ಕೋಲಿನಿಂದ ಒಮ್ಮೆ ಉಜ್ಜಿ. ಮೈಕಾ ಎರಡೂ ಮುಖಕ್ಕೆ ಅಂಟಿಸಿ. ಒಂದೇ ಬದಿಗೆ ಹಾಕಿದ ಹಲಗೆ ಮಳೆಗಾಲ ಕಳೆಯುವಾಗ ಬಿಲ್ಲಿನ ಹಾಗೆ ಬಾಗಿರ್ತದೆ.

ಹಲಗೆಗೆ ಪಿಯಾನೋ ಹಿಂಜ್ (ಉದ್ದಪಟ್ಟಿಯ ಕೀಲು) ಕೂರಿಸಿ, ರಿಪೇರಿಗೆ ಎತ್ತಲು ಆಗಬೇಕಲ್ಲ. ಎತ್ತಿದಾಗ ಸ್ಟಿಕ್‌ನ ಗುಂಡು ಮಾನಿಟರ್ ಗಾಜಿಗೆ ಬಡಿಯದ ಹಾಗೆ ಹಿಂಜಿನ ಬದಿ ಆರಿಸಿ. ಉದ್ದ ಬಟನ್‌ಗೆ ಅಡಿಯಲ್ಲಿ 9 ಸೆಂ.ಮೀ. ಆದರೂ ಜಾಗ ಇರಲಿ.

ಮಲ್ಪೆ ಗಾಳಿ
ವೈರಿಂಗ್ ಹೇಳ್ತೇನೆ. ಒಬ್ಬರಿಗೆ ದಿಕ್ಕು 4, ಬಟನ್ 6, ಸ್ಟಾರ್ಟ್ 1, ಕಾಯಿನ್ 1: 12 ಸ್ವಿಚ್. ಪ್ರತಿ ಆಟಗಾರನಿಗೆ ಒಂದು ರಾಸ್ಪ್‌ಬೆರಿ ಪೈ ಪಿಕೊ (ಸ್ವಿಚ್ ಒತ್ತಿದ್ದನ್ನು ಪೈಗೆ ಯುಎಸ್‌ಬಿಯಲ್ಲಿ ತಿಳಿಸುವ ಪುಟ್ಟ ಬೋರ್ಡ್), ಅದನ್ನು ಗೇಮ್ ಕಂಟ್ರೋಲರ್ ಆಗಿ ಮಾಡಲು ಅದರಲ್ಲಿ ಜಿಪಿ2040-ಸಿಇ ಫರ್ಮ್‌ವೇರ್. ಸ್ವಿಚ್‌ನ ಒಂದು ಕಾಲು ಪಿನ್‌ಗೆ, ಇನ್ನೊಂದು ಗ್ರೌಂಡ್‌ಗೆ. ಗ್ರೌಂಡನ್ನು ಒಂದರಿಂದ ಒಂದಕ್ಕೆ ಸರಪಳಿಯ ಹಾಗೆ ಎಳೆದರೆ ಸಾಕು. 4 ದಿಕ್ಕಿನ ಸ್ಟಿಕ್‌ಗೆ ಬೇರೆ ಪಿನ್ ಬೇಡ, ಮೊದಲ ಆಟಗಾರನ ದಿಕ್ಕುಗಳಿಗೇ ಸಮಾನಾಂತರವಾಗಿ ಜೋಡಿಸಿ.

ಮೂರು ಕಾಲಿನ ಮೈಕ್ರೋಸ್ವಿಚ್‌ನಲ್ಲಿ ಕಾಮ್ (ಸಾಮಾನ್ಯ ಕಾಲು) ಮತ್ತು ಎನ್‌ಒ (ಒತ್ತಿದಾಗ ಮಾತ್ರ ಕೂಡುವ ಕಾಲು) ಬಳಸಿ. ತಪ್ಪಿ ಎನ್‌ಸಿಗೆ (ಒತ್ತದಿದ್ದಾಗ ಕೂಡಿರುವ ಕಾಲಿಗೆ) ಹಾಕಿದ್ರೆ ಬಟನ್ ಸದಾ ಒತ್ತಿದ ಹಾಗೆ ಇರ್ತದೆ. ಬೆಸುಗೆ ಹಾಕಬೇಡಿ, ಬಿಸಿಗೆ ಸ್ವಿಚ್‌ನ ಪ್ಲಾಸ್ಟಿಕ್ ಕರಗಿ ಕಾಲು ವಾಲ್ತದೆ. ವೈರಿನ ತುದಿಗೆ ಲಗ್ (ಸಿಕ್ಕಿಸುವ ಲೋಹದ ಕ್ಲಿಪ್) ಒತ್ತಿ ಹಾಕಿ. ಕೆಲವು ಸ್ವಿಚ್‌ಗೆ 2.8 ಮಿ.ಮೀ. ಲಗ್, ಕೆಲವಕ್ಕೆ 4.8, ನೋಡಿ ಕೊಳ್ಳಿ. ಸಮುದ್ರದ ಗಾಳಿಗೆ ಬರೀ ಹಿತ್ತಾಳೆ ಲಗ್ ಹಸಿರುಗಟ್ಟಿ ಬಟನ್ ಆಗಾಗ ಕೈಕೊಡ್ತದೆ, ತವರ ಲೇಪದ್ದೇ ಕೇಳಿ. ಎಳೆಯೆಳೆಯ ವೈರ್ ಇರಲಿ, ಒಂಟಿ ತಂತಿ ಹಲಗೆ ಎತ್ತಿ ಇಳಿಸುವಾಗ ಮುರೀತದೆ.

ಕದ್ರಿ ಗುಡ್ಡೆ
ತುಂಬ ಉಪಕಾರ ಆಯ್ತು. ಒಂದೇ ಥರದ ಎರಡು ಪಿಕೊ ಹಾಕಿದ್ರೆ ರೀಬೂಟ್ ಆದಾಗ ಒಂದನೇ, ಎರಡನೇ ಆಟಗಾರ ಅದಲುಬದಲು ಆಗುವುದಿಲ್ವಾ?

ಮಲ್ಪೆ ಗಾಳಿ
ಆಗಬಹುದು. ಎರಡಕ್ಕೂ ಒಂದೇ ಹೆಸರು ಇರುವುದರಿಂದ ಪೈ ಯಾವುದನ್ನು ಮೊದಲು ಕಂಡಿತೋ ಅದು ಒಂದನೆಯದು. ಪೈಯಲ್ಲಿ ಯುಡೆವ್ (ಜೋಡಿಸಿದ ಸಾಧನಗಳಿಗೆ ಹೆಸರು ಕೊಡುವ ಲಿನಕ್ಸ್ ವ್ಯವಸ್ಥೆ) ನಿಯಮ ಬರೆದು ಹೆಸರನ್ನು ಯುಎಸ್‌ಬಿ ಪೋರ್ಟ್‌ನ ಜಾಗಕ್ಕೆ ಕಟ್ಟಿ. ಆಮೇಲೆ ಕೇಬಲ್ ಮತ್ತು ಪೋರ್ಟ್ ಎರಡಕ್ಕೂ ಒಂದೇ ಬಣ್ಣದ ಟೇಪ್ ಸುತ್ತಿಡಿ, ಗುಡಿಸುವಾಗ ಯಾರಾದ್ರೂ ಕಿತ್ತರೂ ಅದೇ ತೂತಿಗೆ ವಾಪಸ್ ಹೋಗ್ತದೆ.