ಅಪ್‌ಡೇಟ್: ಅಪ್ಪನಿಗೆ ಬರುತ್ತಿದ್ದ ಸಾಲ ವಸೂಲಿ ಕರೆ

ಶಿರಸಿಯಲ್ಲಿರುವ ಅಪ್ಪನಿಗೆ, ಮಾಡದ ಸಾಲ ಕಟ್ಟು ಎಂದು ಫೋನಿನಲ್ಲಿ ಬೆದರಿಸುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೆ. ನೀವು ಹೇಳಿದ ಹಾಗೆ ಸಿಬಿಲ್ ವರದಿ (ನಮ್ಮ ಹೆಸರಿನಲ್ಲಿರುವ ಸಾಲಗಳ ದಾಖಲೆ) ತೆಗೆದು ನೋಡಿದೆವು. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ಅಂಥ ಸಾಲವೇ ಇಲ್ಲ!

ಮತ್ತೆ ಕರೆ ಬಂತು, ಅದೂ ರಾತ್ರಿ ಊಟದ ಹೊತ್ತಿಗೆ. ಆರ್‌ಬಿಐ ನಿಯಮದಂತೆ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಅಪ್ಪ ಸಮಾಧಾನವಾಗಿಯೇ ಕೇಳಿದರು: ಯಾವ ಬ್ಯಾಂಕು? ಸಾಲದ ಖಾತೆ ನಂಬರ್ ಏನು? ಬ್ಯಾಂಕಿನ ಪತ್ರ ಕಳಿಸ್ತೀರಾ? ಒಂದಕ್ಕೂ ಉತ್ತರವಿಲ್ಲ. ‘ಈಗಲೇ ಯುಪಿಐ ಮಾಡಿ, ಇಲ್ಲಾಂದ್ರೆ ಬೆಳಿಗ್ಗೆ ಪೊಲೀಸರು ಬರ್ತಾರೆ’ ಅನ್ನುವುದೊಂದೇ ಮಾತು. ವಯಸ್ಸಾದವರನ್ನು ಹೀಗೆ ಹೆದರಿಸುತ್ತಾರಲ್ಲ, ಹೊಟ್ಟೆ ಉರಿಯುತ್ತದೆ.

ದುಡ್ಡು ಹೋಗಿಲ್ಲ. ಕರೆ ಬಂದ ನಂಬರನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ, ವಂಚನೆ ಕರೆಗಳ ಬಗ್ಗೆ ತಿಳಿಸಲು ಇರುವ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಿದ್ದೇವೆ. ಯಾರಾದರೂ ಹಣ ಕಳಿಸಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.