ಕುತ್ತಿಗೆ, ಭುಜ ಹಿಡಿದುಕೊಂಡು ಬಿಡುವುದೇ ಇಲ್ಲ. ನಿಮಗೆ ಯಾವುದರಿಂದ ಕಡಿಮೆ ಆಯ್ತು?

ಕೇಳಿದವರು, ಸುರತ್ಕಲ್‌ನಿಂದ

ನಮಸ್ಕಾರ. ನನ್ನದು ಮಂಗಳೂರಲ್ಲಿ ಲೆಕ್ಕಪತ್ರದ ಕೆಲಸ, ಇಡೀ ದಿನ ಲ್ಯಾಪ್‌ಟಾಪ್ ಮುಂದೆ. ಬಲಗಡೆ ಕುತ್ತಿಗೆಯಿಂದ ಭುಜದವರೆಗೆ ಬಿಗಿದು ಗಂಟು ಗಂಟಾಗಿದೆ. ಸಂಜೆ ಬಸ್ಸಲ್ಲಿ ನಿಂತು ಬರುವಾಗ ಕೈ ಎತ್ತಿ ಕಂಬಿ ಹಿಡಿಯುವುದೂ ಕಷ್ಟ. ಎಕ್ಸ್‌ರೇ ತೆಗೆಸಿದೆ, ಸ್ವಲ್ಪ ಸವೆತ ಉಂಟು ಅಂದರು. ಎಣ್ಣೆ ಹಚ್ಚಿ ತಿಕ್ಕಿಸಿದರೆ ಒಂದೆರಡು ದಿನ ಹಗುರ, ಮತ್ತೆ ಅದೇ ಕತೆ. ಮಾತ್ರೆ ನುಂಗುತ್ತಾ ಇರಲು ಇಷ್ಟ ಇಲ್ಲ. ನಿಮ್ಮಲ್ಲಿ ಯಾರಿಗಾದರೂ ಇದು ಕಡಿಮೆ ಆಗಿ, ಕಡಿಮೆಯಾಗಿಯೇ ಉಳಿದದ್ದು ಉಂಟಾ? ಎಂತ ಮಾಡಿದ್ರಿ?

ಉಡುಪಿಯಿಂದ, ಡಿಟಿಪಿ ಕೆಲಸ ಮಾಡುವವಳು

ಉಂಟು, ನನಗೆ ಕಡಿಮೆ ಆಗಿದೆ. ವರ್ಷಗಟ್ಟಲೆ ಇದ್ದ ನೋವು. ಈಗ ಮದುವೆ ಸೀಸನ್‌ನಲ್ಲಿ ಆಮಂತ್ರಣ ಪತ್ರಿಕೆಗಳ ಕೆಲಸ ರಾಶಿ ಬಿದ್ದಾಗ ಮಾತ್ರ ಸ್ವಲ್ಪ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಮೊದಲು ಧೈರ್ಯ ಇಟ್ಟುಕೊಳ್ಳಿ.

ಎಣ್ಣೆ, ತಿಕ್ಕುವುದು, ಬಿಸಿ ನೀರಿನ ಸ್ನಾನ ಎಲ್ಲ ಒಳ್ಳೆಯದೇ, ನಾನೂ ಮಾಡುತ್ತೇನೆ. ಆದರೆ ಅದು ಆ ಹೊತ್ತಿನ ಆರಾಮಕ್ಕೆ. ಮರುದಿನ ಮತ್ತೆ ಅದೇ ಕುರ್ಚಿ, ಅದೇ ತಗ್ಗಿಸಿದ ತಲೆ, ಗಂಟೆಗಟ್ಟಲೆ ಅಲುಗಾಡದೆ ಕೂರುವುದು. ತಲೆಯ ತೂಕವೇ 4ರಿಂದ 5 ಕಿಲೋ ಇರುತ್ತದೆ. ಅದು ಮುಂದಕ್ಕೆ ಬಾಗಿದಷ್ಟೂ ಹಿಂದಿನಿಂದ ಎಳೆದು ಹಿಡಿಯುವ ಸ್ನಾಯುಗಳಿಗೆ ಕೆಲಸ ಜಾಸ್ತಿ. ಆ ಕೆಲಸ ಕಡಿಮೆ ಆಗಬೇಕು, ಇಲ್ಲವೇ ಸ್ನಾಯು ಅದನ್ನು ತಾಳುವಷ್ಟು ಗಟ್ಟಿಯಾಗಬೇಕು. ನನಗೆ ಎರಡೂ ಬೇಕಾಯ್ತು.

ನೋವು ಬಲಗಡೆ ಮಾತ್ರ ಅಂದ್ರಲ್ಲ, ನಿಮ್ಮ ಮೌಸ್ ಎಲ್ಲಿರುತ್ತದೆ ನೋಡಿ. ಲೆಕ್ಕದ ಕೆಲಸದವರ ಕೀಬೋರ್ಡಿನಲ್ಲಿ ಬಲಗಡೆ ಅಂಕೆಗಳ ಕೀಗಳು ಇರುತ್ತವೆ, ಮೌಸ್ ಅದಕ್ಕಿಂತಲೂ ಆಚೆ ಹೋಗುತ್ತದೆ. ದಿನವಿಡೀ ಕೈ ಹೊರಗೆ ಚಾಚಿ, ಮೊಣಕೈಗೆ ಆಧಾರ ಇಲ್ಲದೆ, ಭುಜ ಸ್ವಲ್ಪ ಮೇಲೆ ಎತ್ತಿಕೊಂಡೇ ಕೂತಿರುತ್ತೀರಿ. ಗೊತ್ತೇ ಆಗುವುದಿಲ್ಲ. ಅಂಕೆಗಳು ಬೇರೆಯಾಗಿ ಬರುವ ಸಣ್ಣ ಕೀಪ್ಯಾಡ್ ತೆಗೆದುಕೊಂಡು ಎಡಗಡೆ ಇಡಬಹುದು, ಅಥವಾ ಮೌಸನ್ನೇ ಎಡಗೈಗೆ ಅಭ್ಯಾಸ ಮಾಡಬಹುದು. ನಾನು ಎಡಗೈಗೆ ಮಾಡಿದೆ, ಮೊದಮೊದಲು ತುಂಬ ಕಿರಿಕಿರಿ, ಆಮೇಲೆ ಅಭ್ಯಾಸವಾಯಿತು. ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲಿಟ್ಟು ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ತನ್ನಿ, ಕೀಬೋರ್ಡ್ ಬೇರೆ ಹಾಕಿ. ಬೇರೆ ಕೀಬೋರ್ಡ್ ಇಲ್ಲದೆ ಲ್ಯಾಪ್‌ಟಾಪ್ ಎತ್ತರಿಸಬೇಡಿ, ಆಗ ಟೈಪ್ ಮಾಡಲು ಭುಜ ಇನ್ನೂ ಮೇಲೆ ಹೋಗುತ್ತದೆ. ಮತ್ತೆ ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಮಾತಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಇನ್ನು ಗಟ್ಟಿ ಮಾಡುವ ವಿಷಯ. ನನಗೆ ನಿಜವಾಗಿ ದಾರಿ ತೋರಿಸಿದ್ದು ಇದು. ಡೆನ್ಮಾರ್ಕಿನಲ್ಲಿ ಕುತ್ತಿಗೆ-ಭುಜ ನೋವಿದ್ದ 198 ಮಂದಿ ಕಚೇರಿ ಕೆಲಸದವರ ಮೇಲೆ ಒಂದು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದ್ದರು. ಕೆಲವರಿಗೆ ದಿನಕ್ಕೆ 2 ನಿಮಿಷ, ಕೆಲವರಿಗೆ 12 ನಿಮಿಷ ರಬ್ಬರ್ ಬ್ಯಾಂಡ್ (ವ್ಯಾಯಾಮಕ್ಕೆಂದೇ ಸಿಗುವ ಉದ್ದ ಪಟ್ಟಿ) ವ್ಯಾಯಾಮ, ವಾರಕ್ಕೆ 5 ದಿನ, 10 ವಾರ. ವ್ಯಾಯಾಮ ಮಾಡದವರ ಜೊತೆ ಹೋಲಿಸಿದರೆ ಎರಡೂ ಗುಂಪಿನವರಿಗೆ ನೋವು ಕಡಿಮೆಯಾಯಿತು. ದಿನಕ್ಕೆ ಬರೀ 2 ನಿಮಿಷ! ಮಾಡುವುದು ಇಷ್ಟೇ: ಬ್ಯಾಂಡಿನ ನಡುಭಾಗ ಪಾದದ ಕೆಳಗೆ ಹಾಕಿ ನಿಂತುಕೊಳ್ಳಿ, ಎರಡು ತುದಿ ಎರಡು ಕೈಯಲ್ಲಿ. ಮೊಣಕೈ ಸ್ವಲ್ಪ ಮಾತ್ರ ಬಾಗಿಸಿ, ಕೈಗಳನ್ನು ಪಕ್ಕಕ್ಕೆ, ತುಸು ಮುಂದಕ್ಕೆ, ಭುಜದ ಮಟ್ಟದವರೆಗೆ ಎತ್ತಿ ನಿಧಾನ ಇಳಿಸಿ. ಸುಸ್ತಾಗುವವರೆಗೆ, ಹೆಚ್ಚೆಂದರೆ 2 ನಿಮಿಷ. ತೆಳು ಬ್ಯಾಂಡಿನಿಂದ ಶುರು ಮಾಡಿ. ಮೊದಲ ವಾರ ಮೈಕೈ ಸ್ವಲ್ಪ ನೋಯುತ್ತದೆ, ಅದು ಹೊಸ ವ್ಯಾಯಾಮದ ನೋವು. ಆದರೆ ಚುಚ್ಚಿದ ಹಾಗೆ ತೀಕ್ಷ್ಣ ನೋವು ಬಂದರೆ ನಿಲ್ಲಿಸಿ. ಫಲ ಕಾಣಲು ಎರಡು ತಿಂಗಳಾದರೂ ಕೊಡಬೇಕು. ನಮ್ಮಲ್ಲಿ ಹೆಚ್ಚಿನವರು ಹತ್ತು ದಿನ ನೋಡಿ ಬಿಟ್ಟುಬಿಡುತ್ತಾರೆ, ಅದೇ ಬೇಸರ.

ಬಂಟ್ವಾಳದಿಂದ

ಕಂಪ್ಯೂಟರಿನವರಿಗೆ ಮಾತ್ರ ಅಲ್ಲ ಇದು. ನಮ್ಮ ಅಮ್ಮ ಬೀಡಿ ಕಟ್ಟುವವರು. ಗೆರಸೆ (ಮೊರ) ಮಡಿಲಲ್ಲಿ, ಕಣ್ಣು ಗೆರಸೆಯಲ್ಲಿ, ಬೆಳಗ್ಗೆಯಿಂದ ಕೆಳಗೇ ನೋಡುತ್ತಾ ಕೂರುವುದು. ನಮ್ಮ ಕಡೆ ಎಷ್ಟು ಮನೆಗಳ ಹೆಂಗಸರು ಈ ನೋವನ್ನು ನೋವು ಅಂತಲೇ ಲೆಕ್ಕ ಹಾಕದೆ ವರ್ಷಗಳನ್ನು ಕಳೆದಿದ್ದಾರೆ ಅಂತ ಯೋಚಿಸಿದರೆ ನನಗೆ ಸಂಕಟ ಆಗುತ್ತದೆ.

ನಾವು ಮಾಡಿದ ಬದಲಾವಣೆಗಳು ಹೇಳುತ್ತೇನೆ, ಯಾರಿಗಾದರೂ ಬೇಕಾದೀತು. ಮಡಿಲ ಮೇಲೆ ದಪ್ಪ ದಿಂಬು ಇಟ್ಟು ಅದರ ಮೇಲೆ ಗೆರಸೆ, ಆಗ ಅದು ಎದೆಯ ಹತ್ತಿರಕ್ಕೆ ಬಂತು, ತಲೆ ಅಷ್ಟು ಬಗ್ಗಬೇಕಾಗಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂರುವುದು. ಎಲೆ ಕತ್ತರಿಸುವುದು, ಸುರುಟುವುದು, ನೂಲು ಕಟ್ಟುವುದು, ಹೀಗೆ ಕೆಲಸ ಬದಲಿಸುವಾಗಲೆಲ್ಲ ಎದ್ದು ಅಂಗಳಕ್ಕೆ ಒಂದು ಸುತ್ತು. ಹೊಸ ದೀಪ ಹಾಕಿದ್ದೂ ದೊಡ್ಡ ಉಪಕಾರ ಆಯ್ತು, ಬೆಳಕು ಕಡಿಮೆ ಇದ್ದರೆ ಮುಖ ತನ್ನಿಂದ ತಾನೇ ಹತ್ತಿರ ಹೋಗುತ್ತದೆ ಅಲ್ವಾ. ತೆಂಗಿನಕಾಯಿ ತುರಿಯುವುದು, ಬಾವಿಯಿಂದ ನೀರು ಸೇದುವುದು ಈಗ ಬೇರೆಯವರು. ಅಮ್ಮನಿಗೆ ನೋವು ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತದೆ.

ಕುಂದಾಪುರದಿಂದ

ಬಿಸಿ ಶಾಖದ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಕಲ್ಲುಪ್ಪು ಅಥವಾ ಹುರುಳಿಯನ್ನು ಬಾಣಲೆಯಲ್ಲಿ ಬಿಸಿ ಮಾಡಿ ದಪ್ಪ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ಒಳಮೊಣಕೈಗೆ ಮುಟ್ಟಿಸಿ ನೋಡಿ, ಆಮೇಲೆ ಹೆಗಲ ಮೇಲೆ 15 ನಿಮಿಷ. ಶಾಖ ಕೊಟ್ಟ ಕೂಡಲೇ ಕುತ್ತಿಗೆ ನಿಧಾನ ತಿರುಗಿಸುವ ವ್ಯಾಯಾಮ ಮಾಡಿದರೆ ಸಲೀಸು. ಸಕ್ಕರೆ ಕಾಯಿಲೆ ಇದ್ದು ಚರ್ಮದ ಸ್ಪರ್ಶ ಕಡಿಮೆ ಆದವರು ಮಾತ್ರ ಜಾಗ್ರತೆ, ಸುಟ್ಟರೂ ಗೊತ್ತಾಗುವುದಿಲ್ಲ. ಗೋಡೆಗೂ ಬೆನ್ನಿಗೂ ನಡುವೆ ಟೆನಿಸ್ ಚೆಂಡು ಇಟ್ಟು, ಗಂಟಿರುವ ಜಾಗಕ್ಕೆ ಒತ್ತಿ ನಿಲ್ಲುವುದೂ ಒಳ್ಳೆಯದು. ಚೆಂಡನ್ನು ಉದ್ದ ಕಾಲುಚೀಲದೊಳಗೆ ಹಾಕಿದರೆ ಜಾರಿ ಬೀಳುವುದಿಲ್ಲ. ಬೆನ್ನೆಲುಬಿನ ಮೇಲೆ ಒತ್ತಬಾರದು, ಪಕ್ಕದ ಮಾಂಸದ ಮೇಲೆ ಮಾತ್ರ.

ಒಂದು ವಿನಂತಿ ಮಾರಾಯ್ರೆ. ಸೆಲೂನಿನಲ್ಲಿ ಕ್ಷೌರ ಆದ ಮೇಲೆ ಕುತ್ತಿಗೆ ತಿರುಚಿ ಲಟಿಕೆ ತೆಗೆಸುತ್ತಾರಲ್ಲ, ಅದು ಬೇಡವೇ ಬೇಡ. ಕುತ್ತಿಗೆಯ ಎಲುಬುಗಳೊಳಗಿಂದ ಮೆದುಳಿಗೆ ರಕ್ತ ಒಯ್ಯುವ ನಾಳಗಳು ಹೋಗುತ್ತವೆ. ಜೋರಾಗಿ ತಿರುಚಿದರೆ ಅದರ ಒಳಪದರ ಹರಿದು ಪಾರ್ಶ್ವವಾಯು ಆಗುವ ಸಾಧ್ಯತೆ ಉಂಟು. ಅಪರೂಪ, ಆದರೂ ಹಾಗೇನಾದರೂ ಆಯ್ತು ಅಂದರೆ ಜೀವನವೇ ಬದಲಾಗುತ್ತದೆ.

ಯಕ್ಷಗಾನ ವೇಷಧಾರಿ, ಕಾರ್ಕಳ ಕಡೆಯವನು

ನಮಗೆ ಕಿರೀಟದ ಭಾರ. ತಲೆಗೆ ಬಿಗಿಯಾಗಿ ಕಟ್ಟಿ, ಅದರ ಮೇಲೆ ಕುಣಿತ, ದೀಪಾವಳಿ ಕಳೆದು ಮೇಳ ಹೊರಟರೆ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಇದೇ. ಹಿರಿಯರು ನನಗೆ ಹೇಳಿಕೊಟ್ಟದ್ದು ಅಂಗೈ ಒತ್ತುವ ಕ್ರಮ. ಹಣೆಗೆ ಅಂಗೈ ಇಟ್ಟು ತಲೆಯಿಂದ ಮುಂದೆ ಒತ್ತುವುದು, ಕೈ ಬಿಟ್ಟುಕೊಡಬಾರದು, ತಲೆ ಅಲುಗಬಾರದು. ಐದಾರು ಉಸಿರು. ಹಾಗೆಯೇ ಹಿಂದೆ, ಎಡಕ್ಕೆ, ಬಲಕ್ಕೆ. ಪೂರ್ತಿ ಬಲ ಹಾಕಬೇಡಿ, ಅರ್ಧ ಸಾಕು. ಆಟ ಮುಗಿದ ಕೂಡಲೇ ಬಸ್ಸಿನಲ್ಲಿ ಕುತ್ತಿಗೆ ವಾಲಿಸಿ ಮಲಗುವುದು ನಮ್ಮವರಲ್ಲಿ ಮಾಮೂಲು, ಅದರಿಂದಲೇ ಬೆಳಗ್ಗೆ ಹಿಡಿಯುತ್ತದೆ. ಶಾಲನ್ನು ದಪ್ಪ ಸುತ್ತಿ ಕುತ್ತಿಗೆಗೆ ಆಧಾರ ಕೊಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಮಳೆಗಾಲದ ಬಿಡುವಿನಲ್ಲೂ ವ್ಯಾಯಾಮ ಬಿಡಬಾರದು, ಬಿಟ್ಟವರಿಗೆ ಮುಂದಿನ ತಿರುಗಾಟದ ಮೊದಲ ವಾರದಲ್ಲೇ ಗೊತ್ತಾಗುತ್ತದೆ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೌಸ್ ವಿಷಯ ನೂರಕ್ಕೆ ನೂರು ಸರಿ, ನನ್ನದು ಮೇಜಿನ ತುದಿಯಲ್ಲೇ ಇರುವುದು. ಮೂರು ಪ್ರಶ್ನೆ ಉಳಿದಿವೆ. ದಿಂಬು ಬೇಕಾ ಬೇಡವಾ? ಕಳೆದ ವರ್ಷದಿಂದ ದೂರ-ಹತ್ತಿರ ಎರಡೂ ಕಾಣುವ ಕನ್ನಡಕ ಹಾಕುತ್ತಿದ್ದೇನೆ, ಅದಕ್ಕೂ ಇದಕ್ಕೂ ಸಂಬಂಧ ಉಂಟಾ? ಮತ್ತೆ ಆ ಸವೆತ ಅಂದದ್ದು ನನಗೆ ತಲೆಯಲ್ಲಿ ಕೊರೆಯುತ್ತಾ ಉಂಟು.

ಮಣಿಪಾಲದಿಂದ, ಫಿಸಿಯೋಥೆರಪಿ ಕೆಲಸದಲ್ಲಿರುವವರು

ಸವೆತದಿಂದ ಶುರು ಮಾಡುತ್ತೇನೆ, ಯಾಕೆಂದರೆ ಭಯವೇ ಅರ್ಧ ಬಿಗಿತ ತರುತ್ತದೆ. ವಯಸ್ಸು ನಲವತ್ತು ದಾಟಿದ ತುಂಬಾ ಮಂದಿಯ ಎಕ್ಸ್‌ರೇಯಲ್ಲಿ ಕುತ್ತಿಗೆ ಎಲುಬಿನ ಸವೆತ ಕಾಣುತ್ತದೆ, ಅವರಲ್ಲಿ ಎಷ್ಟೋ ಜನರಿಗೆ ಏನೂ ನೋವಿಲ್ಲ. ಚಿತ್ರದಲ್ಲಿ ಕಂಡದ್ದೇ ನೋವಿನ ಕಾರಣ ಅಂತ ಅಲ್ಲ. ಆ ಮಾತು ಕೇಳಿ ಕುತ್ತಿಗೆ ಅಲುಗಿಸದೆ, ತಿಂಗಳುಗಟ್ಟಲೆ ಕಾಲರ್ ಹಾಕಿಕೊಂಡು ಬರುವವರನ್ನು ನೋಡುತ್ತೇನೆ. ಆ ಸ್ನಾಯುಗಳು ಇನ್ನೂ ಸೊರಗಿರುತ್ತವೆ. ಕುತ್ತಿಗೆ ಅಲುಗಾಡಲೇ ಬೇಕು.

ಕನ್ನಡಕಕ್ಕೆ ಖಂಡಿತ ಸಂಬಂಧ ಉಂಟು. ಹತ್ತಿರದ ಪವರ್ ಗಾಜಿನ ಕೆಳಭಾಗದಲ್ಲಿರುತ್ತದೆ, ಹಾಗಾಗಿ ಪರದೆ ಓದಲು ಗದ್ದ ಮೇಲೆತ್ತಿ ಕುತ್ತಿಗೆ ಹಿಂದಕ್ಕೆ ಮಡಚುತ್ತೀರಿ. ಮೇಲಂಚು ಕಣ್ಣಿನ ಮಟ್ಟಕ್ಕೆ ಅಂತ ಉಡುಪಿಯ ಅಕ್ಕ ಹೇಳಿದ್ದು ಬೇರೆಯವರಿಗೆ ಸರಿ, ನಿಮಗೆ ಪರದೆ ಅದಕ್ಕಿಂತ ಕೆಳಗಿರಬೇಕು. ಅಥವಾ ಕಂಪ್ಯೂಟರ್ ದೂರಕ್ಕೆಂದೇ ಬೇರೆ ಕನ್ನಡಕ ಮಾಡಿಸಿ, ಲೆಕ್ಕದ ಕೆಲಸಕ್ಕೆ ಅದೇ ಉತ್ತಮ.

ದಿಂಬು ಬೇಕು. ಮಗ್ಗುಲಾಗಿ ಮಲಗುವವರಿಗೆ ಕಿವಿಯಿಂದ ಭುಜದ ತುದಿಯವರೆಗಿನ ಸಂದು ತುಂಬುವಷ್ಟು ಎತ್ತರ, ಅಂಗಾತ ಮಲಗುವವರಿಗೆ ತೆಳ್ಳಗಿನದು. ಹೊಟ್ಟೆ ಮೇಲೆ ಮಲಗಿದರೆ ರಾತ್ರಿಯಿಡೀ ಕುತ್ತಿಗೆ ಒಂದೇ ಬದಿಗೆ ತಿರುಗಿರುತ್ತದೆ, ಅದೊಂದು ಬೇಡ.

ಗಂಟು ಅನಿಸುವ ಜಾಗದಲ್ಲಿ ಮುಖ್ಯವಾಗಿ ಎರಡು ಸ್ನಾಯು. ಒಂದು ಟ್ರಪೀಜಿಯಸ್, ಕುತ್ತಿಗೆಯಿಂದ ಹೆಗಲಿನ ತುದಿಗೆ ಹರಡಿರುವುದು. ಇನ್ನೊಂದು ಅದರಡಿಯ ಲೆವೇಟರ್ ಸ್ಕ್ಯಾಪುಲೆ, ಕುತ್ತಿಗೆಯ ಮೇಲಿನ ನಾಲ್ಕು ಎಲುಬುಗಳಿಂದ ಬೆನ್ನಿನ ಚಪ್ಪಟೆ ಹೆಗಲೆಲುಬಿನ ಮೇಲ್ಮೂಲೆಗೆ ಬರುವುದು. ಎರಡನೆಯದನ್ನು ಸಡಿಲಿಸಲು, ಕುರ್ಚಿಯಲ್ಲಿ ಕೂತು ಬಲಗೈಯಿಂದ ಸೀಟಿನ ಅಂಚು ಹಿಡಿಯಿರಿ. ಮುಖ ಅರ್ಧ ಎಡಕ್ಕೆ ತಿರುಗಿಸಿ ಎಡ ಕಂಕುಳನ್ನು ನೋಡುವ ಹಾಗೆ ತಲೆ ಬಗ್ಗಿಸಿ, 30 ಸೆಕೆಂಡು, ಸಹಜ ಉಸಿರಾಟ. ಎಳೆತ ಮಾತ್ರ ಇರಬೇಕು, ನೋವಲ್ಲ. ಮತ್ತೆ ಗದ್ದವನ್ನು ನೇರ ಹಿಂದಕ್ಕೆ ಎಳೆದು 5 ಸೆಕೆಂಡು ಹಿಡಿಯುವುದು, ಹತ್ತು ಸಲ. ಇದು ಆಫೀಸಿನಲ್ಲೇ ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಏಳಿ. ಎಷ್ಟೇ ಚೆನ್ನಾಗಿ ಕೂತರೂ ಅಲುಗಾಡದೆ ಕೂತರೆ ಬಿಗಿಯುತ್ತದೆ.

ಕೆಲವು ಲಕ್ಷಣ ಕಂಡರೆ ಈ ವ್ಯಾಯಾಮಗಳಲ್ಲಿ ದಿನ ಕಳೆಯಬೇಡಿ. ಕೈಬೆರಳು ಮರಗಟ್ಟುವುದು, ಹಿಡಿತ ಕಡಿಮೆಯಾಗಿ ವಸ್ತು ಜಾರುವುದು, ಅಂಗಿಯ ಗುಂಡಿ ಹಾಕಲು ಆಗದಿರುವುದು, ನಡೆಯುವಾಗ ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು, ಬಿದ್ದ ಮೇಲೆ ಶುರುವಾದ ನೋವು, ಜ್ವರ ಮತ್ತು ಜೋರು ತಲೆನೋವಿನ ಜೊತೆ ಕುತ್ತಿಗೆ ಬಿಗಿತ, ಇವೆಲ್ಲ ಕೂಡಲೇ ವೈದ್ಯರು ನೋಡಬೇಕಾದವು. ಮೆಟ್ಟಿಲು ಹತ್ತುವಾಗ ಎಡ ಭುಜ ಅಥವಾ ದವಡೆ ನೋಯುತ್ತದೆ, ಬೆವರುತ್ತದೆ ಅಂದರೆ ಹೃದಯದ ಪರೀಕ್ಷೆ ಆಗಬೇಕು, ಎಣ್ಣೆ ತಿಕ್ಕಿ ಕಾಯುವ ಸಮಯ ಅದಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಸಿಕ್ಕಿಕೊಂಡ ಮಾತು ಬೇರೆಯೇ. ಕೈ ಎತ್ತಿ ಕಂಬಿ ಹಿಡಿಯಲು ಕಷ್ಟ ಅಂದ್ರಿ. ಈಗಲೇ ಕನ್ನಡಿ ಮುಂದೆ ನಿಂತು ಎರಡೂ ಕೈ ಮೇಲಕ್ಕೆತ್ತಿ ನೋಡಿ. ಆಮೇಲೆ ಎರಡೂ ಕೈ ಒಂದೊಂದಾಗಿ ಬೆನ್ನ ಹಿಂದೆ ಒಯ್ಯಿರಿ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮುಂಗೈಯನ್ನು ಹೊರಕ್ಕೆ ತಿರುಗಿಸಿ. ಬಲಗೈ ಎಡಗೈಗಿಂತ ತುಂಬಾ ಕಡಿಮೆ ಹೋಗುತ್ತಿದ್ದರೆ, ಮನೆಯವರು ಮೆಲ್ಲಗೆ ಸಹಾಯ ಮಾಡಿದರೂ ಹೋಗದಿದ್ದರೆ, ಅದು ಕುತ್ತಿಗೆ ಸ್ನಾಯುವಿನ ಬಿಗಿತ ಮಾತ್ರ ಅಲ್ಲ, ಭುಜದ ಕೀಲೇ ಹಿಡಿದುಕೊಳ್ಳುವ ಫ್ರೋಜನ್ ಶೋಲ್ಡರ್ ಇರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಇದು ಜಾಸ್ತಿ, ಕೆಲವರಿಗೆ ಸಕ್ಕರೆ ಇರುವುದು ತಿಳಿಯುವುದೇ ಹೀಗೆ. ಅದಕ್ಕೆ ಚಿಕಿತ್ಸೆಯ ಕ್ರಮ ಬೇರೆ, ಬ್ಯಾಂಡ್ ವ್ಯಾಯಾಮ ಈಗಲೇ ಶುರು ಮಾಡಬೇಡಿ. ಈ ವಾರ ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ ಮಾಡಿಸಿ, ಮೂಳೆ ವೈದ್ಯರಿಗೆ ಭುಜ ತೋರಿಸಿ. ಮಂಗಳೂರಲ್ಲೇ ಕೆಲಸ ಅಂದ್ರಲ್ಲ, ವೆನ್ಲಾಕ್ ಆಸ್ಪತ್ರೆ ಹತ್ತಿರ ಆಗುತ್ತದೆ. ಎರಡೂ ಕೈ ಸಮ ಸಮ ಹೋಗುತ್ತಿದ್ದರೆ ಮೌಸ್, ಕನ್ನಡಕ, ಬ್ಯಾಂಡ್, ಈ ಕ್ರಮದಲ್ಲೇ ಮುಂದುವರಿಸಿ.

ಕೇಳಿದವರು

ಈಗಷ್ಟೇ ನೋಡಿದೆ. ಎಡಗೈ ಬೆನ್ನ ಹಿಂದೆ ಸಲೀಸಾಗಿ ಮೇಲಿನವರೆಗೆ ಹೋಗುತ್ತದೆ. ಬಲಗೈ ಸೊಂಟದ ಹತ್ತಿರವೇ ನಿಲ್ಲುತ್ತದೆ, ಮಗಳು ಮೆಲ್ಲಗೆ ಎತ್ತಿದರೂ ಮೇಲೆ ಬರುವುದಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ನಾಳೆ ಬೆಳಗ್ಗೆ ರಕ್ತ ಕೊಟ್ಟೇ ಆಫೀಸಿಗೆ ಹೋಗುತ್ತೇನೆ, ರಿಪೋರ್ಟ್ ಬಂದ ಮೇಲೆ ಇಲ್ಲೇ ತಿಳಿಸುತ್ತೇನೆ.