ಶೂ ಒಳಗೆ ಪೀಜೋ ಬಿಲ್ಲೆ: ಮೀಟರ್ 18 ವೋಲ್ಟ್ ತೋರಿಸುತ್ತದೆ, ಫೋನ್ ಮಾತ್ರ ಚಾರ್ಜ್ ಆಗುತ್ತಿಲ್ಲ

ಬೆಸುಗೆಹುಡುಗ:
ಡಿಪ್ಲೊಮಾ ಕೊನೇ ವರ್ಷದ ಪ್ರಾಜೆಕ್ಟಿಗೆ ಶೂ ಒಳಗೆ ಆರು ಪೀಜೋ ಬಿಲ್ಲೆ (ಒತ್ತಿದರೆ ಕರೆಂಟ್ ಕೊಡುವಂಥದ್ದು) ಹಾಕಿದ್ದೇನೆ, ಬಜರ್‌ನಲ್ಲಿ ಬರುತ್ತದಲ್ಲ, 27 ಮಿ.ಮೀ. ಹಿತ್ತಾಳೆಯದು, ಅದೇ. ಒಂದನ್ನು ಒತ್ತಿದರೆ ಮೀಟರ್ 18 ವೋಲ್ಟ್ ತೋರಿಸುತ್ತದೆ. ಆರನ್ನೂ ಪ್ಯಾರಲಲ್ ಮಾಡಿ, ಒಂದು ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್), 5 ವೋಲ್ಟಿಗೆ ಇಳಿಸುವ ಒಂದು 7805 ಐಸಿ ಹಾಕಿ ಫೋನಿಗೆ ಸಿಕ್ಕಿಸಿದೆ. ಹೂಂ ಇಲ್ಲ, ಉಹೂಂ ಇಲ್ಲ. ಗೈಡ್ ಸರ್‌ಗೆ "ನಡೆದರೆ ಫೋನ್ ಚಾರ್ಜ್" ಅಂತ ಬರೆದುಕೊಟ್ಟಾಗಿದೆ. ಇನ್ನೂ ಇಪ್ಪತ್ತು ಬಿಲ್ಲೆ ತರಲಾ?

ಹಳೇರೇಡಿಯೋ:
ತರಬೇಡಿ, ದುಡ್ಡು ದಂಡ. ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ, ಅದಕ್ಕೇ 18 ಕಾಣುತ್ತದೆ. ಗ್ಯಾಸ್ ಲೈಟರ್‌ನಲ್ಲೂ ಪೀಜೋನೇ ಇರುವುದು, ಸಾವಿರಾರು ವೋಲ್ಟ್ ಬಂದು ಕಿಡಿ ಹಾರುತ್ತದೆ, ಅದರಿಂದ ಬಲ್ಬ್ ಉರಿಯುತ್ತದಾ?

ಲೆಕ್ಕ ಹಾಕಿ ನೋಡಿ. ಆ ಬಿಲ್ಲೆ ಸುಮಾರು 20 ನ್ಯಾನೋಫ್ಯಾರಡ್ ಕೆಪಾಸಿಟರ್ (ಚಾರ್ಜ್ ಕೂಡಿಡುವ ಪುಟ್ಟ ಡಬ್ಬಿ) ಇದ್ದ ಹಾಗೆ. 18 ವೋಲ್ಟಿಗೆ ಅದರಲ್ಲಿ ಇರುವುದು 3 ಮೈಕ್ರೋಜೌಲ್ ಚಿಲ್ಲರೆ, ಆರಕ್ಕೆ 20 ಅಂದುಕೊಳ್ಳಿ. 5000 ಎಂಎಎಚ್ ಬ್ಯಾಟರಿಗೆ 66,000 ಜೌಲ್‌ಗಿಂತ ಜಾಸ್ತಿ ಬೇಕು. ಸೆಕೆಂಡಿಗೊಂದು ಹೆಜ್ಜೆಯಂತೆ ಊಟ ನಿದ್ದೆ ಬಿಟ್ಟು ನಡೆದರೂ ನೂರು ವರ್ಷ. ಕಾಲೆತ್ತಿದಾಗಲೂ ಬರುತ್ತದೆ ಅಂತ ವಾದ ಮಾಡಿದರೆ ಹೋಗಲಿ, ಐವತ್ತು ಮಾಡೋಣ 🙂

ಮತ್ತೆ, ಒಂದೇ ಬ್ರಿಡ್ಜ್ ಹಾಕಿದ್ದೂ ತಪ್ಪು. ಹಿಮ್ಮಡಿ ಊರಿದಾಗ ಬೆರಳ ಕಡೆಯ ಬಿಲ್ಲೆ ಸುಮ್ನೆ ಕೂತು ಹಿಮ್ಮಡಿ ಬಿಲ್ಲೆಯ ಚಾರ್ಜ್ ಕುಡಿಯುತ್ತದೆ. ಬಿಲ್ಲೆಗೊಂದು ಬ್ರಿಡ್ಜ್ ಹಾಕಿ. 7805 ಕಿತ್ತುಬಿಡಿ, ಅದರ ಸ್ವಂತ ಖರ್ಚೇ ಕೆಲವು ಮಿಲಿಆಂಪ್.

ಪೆಡಲ್‌ಪ್ರಿಯ:
ಫೋನೇ ಚಾರ್ಜ್ ಆಗಬೇಕು ಅಂದರೆ ಹಳೇ ಸೈಕಲ್ ಡೈನಮೋ ಹುಡುಕಿ. 6 ವೋಲ್ಟ್, 3 ವ್ಯಾಟ್. ಬರುವುದು ಎಸಿ, ಹಾಗಾಗಿ ಬ್ರಿಡ್ಜ್, ದೊಡ್ಡ ಕೆಪಾಸಿಟರ್, ಆಮೇಲೆ ವೋಲ್ಟೇಜ್ ಇಳಿಸುವ 5 ವೋಲ್ಟಿನ ಬಕ್ ಮಾಡ್ಯೂಲ್. ಇಳಿಜಾರಿನಲ್ಲಿ ಜೋರಾಗಿ ಹೋದರೆ ವೋಲ್ಟೇಜ್ 6ಕ್ಕೆ ನಿಲ್ಲುವುದಿಲ್ಲ, ನಾನು ಹಾಗೇ ಒಂದು ಮಾಡ್ಯೂಲ್ ಸುಟ್ಟುಕೊಂಡಿದ್ದೇನೆ. ಡೈನಮೋ ಟೈರಿಗೆ ತಾಗಿದ ತಕ್ಷಣ ಪೆಡಲ್ ಭಾರ ಆಗುತ್ತದೆ ಅಲ್ವಾ, ಆ ಭಾರವೇ ಕರೆಂಟ್. ನಿಮ್ಮ ಬಿಲ್ಲೆ ಕಾಲಿಗೆ ಗೊತ್ತೇ ಆಗುವುದಿಲ್ಲ, ಕರೆಂಟೂ ಅಷ್ಟಕ್ಕೆ ತಕ್ಕ ಹಾಗೆ.

ಹಳೇರೇಡಿಯೋ:
ಸರಿಯಾದ ಮಾತು. 1998ರಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನವರು ಶೂನಲ್ಲಿ ಎರಡನ್ನೂ ಮಾಡಿ ನೋಡಿದ್ದರು. ಪೀಜೋದಿಂದ ಒಂದೆರಡು ಮಿಲಿವ್ಯಾಟ್, ತಿರುಗುವ ಜನರೇಟರ್‌ನಿಂದ ಕಾಲು ವ್ಯಾಟಿನ ಹತ್ತಿರ. ಆದರೆ ಜನರೇಟರ್ ಕಟ್ಟಿದ ಶೂನಲ್ಲಿ ನಡೆಯುವುದು ಕಷ್ಟ. ಪೀಜೋದ ಮೇಲೆ ಅವರೂ ದೊಡ್ಡ ಭಾರ ಹೊರಿಸಲಿಲ್ಲ, ಕೆಲವು ಹೆಜ್ಜೆಗೊಮ್ಮೆ ಶೂ ತನ್ನ ಐಡಿಯನ್ನು ರೇಡಿಯೋದಲ್ಲಿ ಕಳಿಸುವ ಹಾಗೆ ಮಾಡಿದರು, ಅಷ್ಟೇ. ನೀವೂ ಬಿಲ್ಲೆ ಬಿಸಾಡಬೇಡಿ, ಪ್ರಾಜೆಕ್ಟಿನ ಹೆಸರು ಬದಲಿಸಿ. 10 ಮೈಕ್ರೋಫ್ಯಾರಡ್ ಕೆಪಾಸಿಟರ್ ತುಂಬಿಸಿ ಒಂದು ಎಲ್‌ಇಡಿ ಮಿನುಗಿಸಿ.

ಬೆಸುಗೆಹುಡುಗ:
ಆರು ಬ್ರಿಡ್ಜ್, ಇಪ್ಪತ್ತನಾಲ್ಕು ಡಯೋಡ್, ರಾತ್ರಿ ಒಂದು ಗಂಟೆವರೆಗೆ ಬೆಸುಗೆ. ಹಾಸ್ಟೆಲ್ ಕಾರಿಡಾರಿನಲ್ಲಿ ಮೂವತ್ತು ಹೆಜ್ಜೆ ನಡೆದು ಸ್ವಿಚ್ ಒತ್ತಿದೆ. ಕೆಂಪು ಎಲ್‌ಇಡಿ ಒಂದು ಸಲ ಮಿನುಗಿತು! ಇನ್ನು ಗೈಡ್ ಸರ್‌ಗೆ ಹೇಳುವುದೊಂದು ಬಾಕಿ.